ರಾಜಧಾನಿ ನೋಡಿದ ಸಾವಿನ ಬೂಟು

ನನ್ನ ಓರಗಿತ್ತಿ ಸ್ತಾಮೆನಾ ಆ ಕಪ್ಪು ಬೂಟುಗಳನ್ನು ಕೊಂಡದ್ದು ಸತ್ತ ಮೇಲೆ ಹಾಕಿಕೊಳ್ಳುವುದಕ್ಕೆ. ಬದುಕಿರುವಾಗ ಹಾಕಿಕೊಳ್ಳಲು ಅವಳಿಗೆ ರಬ್ಬರಿನ ಬೂಟಿತ್ತು. ಹೊಲಕ್ಕೂ ಅದೇ, ಮದುವೆಮನೆಗೂ ಅದೇ, ಮದುವೆಗಾದರೆ ತೊಳೆದು ಹಾಕಿಕೊಳ್ಳುತ್ತಿದ್ದಳು.

ನಮ್ಮ ಲಿಪೊವಿತ್ಸಾ ಹಳ್ಳಿಯಲ್ಲಿ ಐವತ್ತು ದಾಟಿದ ಹೆಂಗಸಿನ ಮಂಚದ ಕೆಳಗೆ ಒಂದು ಪೆಟ್ಟಿಗೆ ಇರಲೇಬೇಕು. ಅದರಲ್ಲಿ ಕಪ್ಪು ಲಂಗ, ಕುಪ್ಪಸ, ತಲೆಗೆ ಕಟ್ಟುವ ವಸ್ತ್ರ, ಉಣ್ಣೆಯ ಕಾಲುಚೀಲ, ಮೇಣದಬತ್ತಿ. ಪ್ರಾಣ ಹೋದ ದಿನ ಮನೆಯವರು ಅಳುವುದು ಬಿಟ್ಟು ಅಂಗಡಿಗೆ ಓಡುವ ಹಾಗಾಗಬಾರದಲ್ಲ. ನೆಂಟರು ಬಂದರೆ ಕಾಫಿ ಕೊಟ್ಟು, ಪ್ಲಮ್ ಹಣ್ಣಿನ ಸಾರಾಯಿ ರಾಕಿಯಾ ಒಂದೊಂದು ಗುಟುಕು ಕುಡಿಸಿ, ಪೆಟ್ಟಿಗೆ ಹೊರಗೆಳೆದು ತೋರಿಸುತ್ತೇವೆ. ಬಂದವರು ಬಟ್ಟೆ ಮುಟ್ಟಿ ನೋಡಿ, ‘ನಿನಗೆ ಚೆನ್ನಾಗಿ ಒಪ್ಪುತ್ತೆ’ ಎಂದು ಹೊಗಳಬೇಕು. ಹೊಗಳದೆ ಹೋದವರನ್ನು ಸ್ತಾಮೆನಾ ಮತ್ತೆ ಕಾಫಿಗೆ ಕರೆಯುತ್ತಿರಲಿಲ್ಲ.

ಅವಳಿಗೆ ಬೂಟಿನ ಚಿಂತೆ ಹತ್ತಿದ್ದು ನಮ್ಮ ಅತ್ತೆ ಯೆಲಿಸಾವ್ಕಾ ಸತ್ತಾಗ. ಗಟ್ಟಿಮುಟ್ಟಾಗಿದ್ದ ಹೆಂಗಸು, ಪ್ಲಮ್ ಕೊಯ್ಲಿನ ನಡುವೆ ಮರದ ಕೆಳಗೇ ಕೂತು ಹೋಗಿಬಿಟ್ಟರು. ಪೆಟ್ಟಿಗೆಯಲ್ಲಿ ಬಟ್ಟೆ ಇತ್ತು, ಬೂಟಿರಲಿಲ್ಲ. ಊದಿದ ಪಾದಕ್ಕೆ ನಮ್ಮ ಯಾರ ಬೂಟೂ ಹಿಡಿಸಲಿಲ್ಲ. ಕೊನೆಗೆ ಅವರ ಮಗ ಸೈನ್ಯದಿಂದ ತಂದಿದ್ದ ಬೂಟನ್ನೇ ತೊಡಿಸಿದೆವು. ಅಡಿಯ ಅಟ್ಟೆಯ ತುಂಬ ಮೊಳೆ, ಮೊಳೆಗಳ ನಡುವೆ ಹೊಲದ ಮಣ್ಣು. ನಮ್ಮ ಕಡೆ ಹೆಣವನ್ನು ದೊಡ್ಡ ಕೋಣೆಯ ಮೇಜಿನ ಮೇಲೆ, ಬಾಗಿಲಿಗೆ ಕಾಲು ಮಾಡಿ ಮಲಗಿಸುತ್ತಾರೆ. ಒಳಗೆ ಬಂದವರಿಗೆ ಮೊದಲು ಕಾಣುವುದು ಮುಖವಲ್ಲ, ಅಟ್ಟೆ. ಇಡೀ ಊರು ಬಂತು, ಇಡೀ ಊರು ಆ ಮೊಳೆ ನೋಡಿತು.

"ಯೆಲಿಸಾವ್ಕಾ ಸ್ವರ್ಗಕ್ಕೆ ಹೊರಟಿದ್ದಾಳೋ, ಹೊಲ ಉಳೋದಕ್ಕೆ ಹೊರಟಿದ್ದಾಳೋ?" ಎಂದು ಯಾರೋ ಬಾಗಿಲಲ್ಲೇ ಪಿಸುಗುಟ್ಟಿದರು. ಹಿಂದೆ ಯಾರೋ ಕಿಸಕ್ಕೆಂದರು. ಆ ಮಾತು ವರ್ಷಾನುಗಟ್ಟಲೆ ಊರಲ್ಲಿ ಓಡಾಡಿತು.

ಸ್ತಾಮೆನಾ ಅಂದೇ ಒಲೆಯ ಮುಂದೆ ನನ್ನ ಕೈ ಹಿಡಿದು ಹೇಳಿದಳು: "ರೊಸಾಂಡಾ, ನನ್ನ ಅಟ್ಟೆ ನೋಡಿ ಯಾರೂ ನಗಬಾರದು ಕಣೇ. ಮಣ್ಣು ಮುಟ್ಟಿರಬಾರದು. ಕನ್ನಡಿ ಹಾಗಿರಬೇಕು."

ಬೂಟು ಕೊಳ್ಳಲು ವಾಲ್ಯೆವೊ ಪೇಟೆಗೆ ಇಬ್ಬರೂ ಹೋದೆವು. ಮುಂದುಗಡೆ ಪುಟ್ಟ ರಿಬ್ಬನ್ ಗಂಟಿದ್ದ, ಮಿರಮಿರ ಮಿಂಚುವ ಜೊತೆಯೊಂದನ್ನು ಅವಳು ಎತ್ತಿಕೊಂಡಳು. ಅಂಗಡಿಯ ಹುಡುಗಿ ಅವಳ ಪಾದ ನೋಡಿ, "ನಿಮಗೆ ಒಂದು ಅಳತೆ ಚಿಕ್ಕದಾಗುತ್ತಮ್ಮ" ಎಂದಳು.

"ಆಗ್ಲಿ ಬಿಡು, ನಾನು ನಡೆಯೋದಿಲ್ಲ."

"ಕೂತ್ಕೊಂಡ್ರೂ ಒತ್ತುತ್ತೆ."

"ಕೂತ್ಕೊಳ್ಳೋದೂ ಇಲ್ಲ" ಎಂದಳು ಸ್ತಾಮೆನಾ. "ಕಟ್ಟಿಕೊಡು."

ಹಾಗೆ ಬಂದ ಬೂಟು ನೆಲ ಕಾಣದೆ ಪೆಟ್ಟಿಗೆಯಲ್ಲಿ ಮಲಗಿತ್ತು. ಭಾನುವಾರ ಭಾನುವಾರ ಹೊರಗೆ ತೆಗೆದು, ಅಟ್ಟೆಯ ಮೇಲೆ ಉಸಿರೂದಿ, ಒರೆಸಿ ಇಡುತ್ತಿದ್ದಳು.

ಆಮೇಲೆ ಒಂದು ವರ್ಷ ನಮ್ಮ ಸಹಕಾರ ಸಂಘದ ಒಣ ಪ್ಲಮ್‌ಗೆ ಒಳ್ಳೆಯ ಬೆಲೆ ಬಂತು. ಹಣ್ಣು ಆರಿಸಿದ ಹೆಂಗಸರಿಗೆಲ್ಲ ಬಸ್ಸಿನಲ್ಲಿ ಬೆಲ್‌ಗ್ರೇಡ್ ತೋರಿಸುತ್ತೇವೆಂದು ಸಂಘದವರು ಹೇಳಿದರು. ನಮ್ಮಲ್ಲಿ ಹೆಚ್ಚಿನವರು ವಾಲ್ಯೆವೊ ದಾಟಿದವರಲ್ಲ. ಮಹಿಳಾ ಮಂಡಳಿಯ ಲ್ಯುಬಿಂಕಾ, ಅಂಚೆಯವನ ಹೆಂಡತಿ, ಶಾಲೆಯಲ್ಲಿ ಎಲ್ಲರನ್ನೂ ಸೇರಿಸಿ ಕಟ್ಟಪ್ಪಣೆ ಮಾಡಿದಳು.

"ರಬ್ಬರ್ ಬೂಟು ಹಾಕ್ಕೊಂಡು ಬಂದವರನ್ನ ಬಸ್ಸಿಂದ ಇಳಿಯೋಕೆ ಬಿಡಲ್ಲ. ರಾಜಧಾನಿಯ ಮರ್ಯಾದೆ ಪ್ರಶ್ನೆ."

"ಯಾರ ಮರ್ಯಾದೆ, ನಮ್ಮದಾ ರಾಜಧಾನಿದಾ?" ಎಂದು ಹಿಂದಿನ ಬೆಂಚಿನಿಂದ ಪೆತ್ರಿಯಾ ಅಜ್ಜಿ ಕೇಳಿದಳು.

ಸ್ತಾಮೆನಾ ಹೋಗದೆ ಇರುವ ಹಾಗಿರಲಿಲ್ಲ. ಅವಳಿಗೆ ಬೆಲ್‌ಗ್ರೇಡಿನಲ್ಲಿ ಹಳೆಯ ಲೆಕ್ಕವೊಂದಿತ್ತು. ಹೊಸ ಸೊಸೆಯಾಗಿ ಬಂದಾಗ ಅವಳು ಹಳ್ಳದಲ್ಲಿ ಬಟ್ಟೆ ಬಡಿಯುವ ಮರದ ಹಲಗೆಯನ್ನು ನೀರಿಗೆ ಬಿಟ್ಟುಬಿಟ್ಟಿದ್ದಳು. ಅತ್ತೆಯ ತವರಿನಿಂದ ಬಂದ ಹಲಗೆ ಅದು. ಅತ್ತೆ ಸೊಂಟದ ಮೇಲೆ ಕೈಯಿಟ್ಟು, "ಈ ಹಳ್ಳ ಕೊಲುಬಾರಾ ನದಿ ಸೇರುತ್ತೆ, ಕೊಲುಬಾರಾ ಸಾವಾ ನದಿ ಸೇರುತ್ತೆ, ಸಾವಾ ಬೆಲ್‌ಗ್ರೇಡಿಗೆ ಹೋಗುತ್ತೆ. ಹೋಗು, ಬೆಲ್‌ಗ್ರೇಡಿಗೆ ಹೋಗಿ ತಗೊಂಡು ಬಾ!" ಎಂದಿದ್ದರು. ಅಂದಿನಿಂದ ನಮ್ಮ ಮನೆಯಲ್ಲಿ ಏನು ಕಳೆದರೂ, ಸೂಜಿಯಾಗಲಿ ಕೋಳಿಮರಿಯಾಗಲಿ, ಅತ್ತೆಯದು ಅದೇ ಮಾತು. ಕಳೆದದ್ದೆಲ್ಲ ಹೋಗಿ ಸೇರುವ ಆ ಜಾಗ ಹೇಗಿದೆಯೋ ನೋಡಬೇಕೆಂದು ಸ್ತಾಮೆನಾಗೆ ಆಸೆ.

"ಆದ್ರೆ ಕಾಲಿಗೇನು ಹಾಕ್ಕೊಳ್ತೀಯಕ್ಕಾ?" ಎಂದೆ.

ಅವಳು ಮಂಚದ ಕಡೆ ನೋಡಿದಳು. ನಾನೂ ನೋಡಿದೆ.

"ಹಾಕ್ಕೊಳ್ತೀನಿ" ಎಂದಳು. "ಆದ್ರೆ ನಡೆಯಲ್ಲ."

"ನಡೆಯದೆ ಊರು ನೋಡೋದು ಹೇಗೆ?"

"ನೋಡೋದು ಕಣ್ಣಲ್ಲಿ ತಾನೆ?"

ಬಸ್ಸಿನಲ್ಲಿ ಬೂಟನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಳು. ಬೆಲ್‌ಗ್ರೇಡ್ ಬಂದೊಡನೆ ಲ್ಯುಬಿಂಕಾ ಎಲ್ಲರ ಕಾಲು ನೋಡಿಕೊಂಡು ಬಂದಳು. ಸ್ತಾಮೆನಾ ರಬ್ಬರ್ ಬೂಟು ಕಳಚಿ ಸೀಟಿನ ಕೆಳಗಿಟ್ಟು ಸಾವಿನ ಬೂಟಿಗೆ ಪಾದ ತುರುಕಿದಳು. ಅವಳ ಕಣ್ಣಲ್ಲಿ ನೀರು ಬಂತು. ಚಾಲಕ ಗ್ವೊಜ್ದೆನ್ ನಮ್ಮನ್ನು ಕೋಟೆಯ ಹತ್ತಿರ ಇಳಿಸಿ, ಸಂಜೆ ಬರುತ್ತೇನೆಂದು ಬಸ್ಸನ್ನೂ ಅದರೊಳಗಿನ ರಬ್ಬರ್ ಬೂಟನ್ನೂ ತೆಗೆದುಕೊಂಡು ಹೊರಟುಹೋದ.

ಲ್ಯುಬಿಂಕಾ ಕೊಡೆಯ ತುದಿಗೆ ಕೆಂಪು ಕರವಸ್ತ್ರ ಕಟ್ಟಿ ಎತ್ತಿ ಹಿಡಿದು ಮುಂದೆ ನಡೆದಳು. ನಾವು ಹಿಂದೆ. ಸ್ತಾಮೆನಾ ಮಾತ್ರ ದಾರಿ ಬಿಟ್ಟು ಕೋಟೆಯ ಉದ್ಯಾನದ ಹುಲ್ಲಿನ ಮೇಲೆ, ಬಾತುಕೋಳಿಯ ಹಾಗೆ ಪಾದ ಎತ್ತೆತ್ತಿ ಇಡುತ್ತ ಬಂದಳು. ಸೀಟಿ ಕೇಳಿಸಿತು. ಕಾವಲುಗಾರ ಓಡಿ ಬಂದ.

"ಅಮ್ಮಾ, ಹುಲ್ಲಿಂದ ಈಚೆ ಬನ್ನಿ!"

"ಯಾಕಪ್ಪಾ, ನಿಮ್ಮ ಹಸುಗೆ ಬಿಟ್ಟಿದೀರಾ?"

"ಇಲ್ಲಿ ಯಾವ ಹಸುವೂ ಇಲ್ಲ."

"ಮತ್ತೆ ಇಷ್ಟೊಂದು ಹುಲ್ಲು ಯಾಕೆ?"

"ನೋಡೋದಕ್ಕೆ."

ಸ್ತಾಮೆನಾ ನನ್ನ ಕಡೆ ತಿರುಗಿದಳು. "ಕೇಳಿದ್ಯೇನೇ? ಹುಲ್ಲು ನೋಡೋದಕ್ಕಂತೆ!"

"ದಾರಿ ಇದೆಯಲ್ಲ, ಅಲ್ಲಿ ನಡೀರಿ" ಎಂದ ಕಾವಲುಗಾರ.

"ದಾರಿ ಕಲ್ಲಿಂದು. ಅಟ್ಟೆ ಸವೆಯುತ್ತೆ."

"ಸವೆಯದೆ ಇನ್ನೇನು? ಬೂಟು ಇರೋದೇ ನಡೆಯೋದಕ್ಕೆ."

"ಇದು ನಡೆಯೋದಕ್ಕಲ್ಲಪ್ಪಾ, ಮಲಗೋದಕ್ಕೆ."

ಅವನು ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ.

"ಮಲಗುವಾಗ ಬೂಟು ಹಾಕ್ಕೊಳ್ತೀರಾ ನೀವು?"

"ಒಂದೇ ಸಲ ಹಾಕ್ಕೊಳ್ತೀನಿ. ಆಮೇಲೆ ಏಳೋದಿಲ್ಲ."

ಆಗ ಅವನಿಗೆ ಅರ್ಥವಾಯಿತು. ಅವನೂ ಯಾವುದೋ ಹಳ್ಳಿಯ ತಾಯಿಯ ಮಗನೇ ಇರಬೇಕು. ಟೋಪಿ ತೆಗೆದು, ಅತ್ತಿತ್ತ ನೋಡಿ, "ಅಂಚಲ್ಲೇ ಹೋಗಿ ಅಮ್ಮಾ, ಹೂವು ತುಳೀಬೇಡಿ" ಎಂದು ಬೆನ್ನು ತಿರುಗಿಸಿ ನಿಂತ.

ಹುಲ್ಲು ಮುಗಿದಲ್ಲೆಲ್ಲ ಅವಳು ನಿಂತುಬಿಡುತ್ತಿದ್ದಳು. ನಾವು ಫಿರಂಗಿಗಳನ್ನು ನೋಡಿ ಬಂದೆವು. ಅವಳು ಹುಲ್ಲಿನ ತುದಿಯಲ್ಲಿ ನಿಂತು ಅಟ್ಟೆ ನೋಡಿಕೊಳ್ಳುತ್ತಿದ್ದಳು. ಅರಸರ ಹೆಬ್ಬಾಗಿಲು ನೋಡಿ ಬಂದೆವು. ಅವಳು ಒಂದು ಕೈಯಿಂದ ಮರ ಹಿಡಿದು ಇನ್ನೊಂದು ಕೈಯಲ್ಲಿ ಲಂಗದ ಅಂಚಿನಿಂದ ಅಟ್ಟೆ ಒರೆಸುತ್ತಿದ್ದಳು. ಕೋಟೆಯ ಗೋಡೆಯಂಚಿಗೆ ಎಲ್ಲರೂ ಓಡಿದರು. ಕೆಳಗೆ ಸಾವಾ ಬಂದು ಡ್ಯಾನ್ಯೂಬಿಗೆ ಸೇರುವುದು ಅಲ್ಲಿಂದ ಕಾಣುತ್ತದೆ. ಅವಳು ಬರಲಿಲ್ಲ, ನಡುವೆ ಜಲ್ಲಿ ಹಾಸಿತ್ತು.

"ಏನೇನು ಕಾಣುತ್ತೆ?" ಎಂದು ದೂರದಿಂದ ಕೂಗಿದಳು.

"ನೀರು!" ಎಂದೆ.

"ಹಲಗೆ?"

"ಹಲಗೆ ಕಾಣಲ್ಲಕ್ಕಾ!"

ಮಧ್ಯಾಹ್ನ ಊಟಕ್ಕೆ ಸಾವಾ ದಂಡೆಗೆ ಇಳಿದೆವು. ಅಷ್ಟು ಹೊತ್ತಿಗೆ ಅವಳ ಪಾದ ಬೊಬ್ಬೆಯೆದ್ದು ಬೂಟು ಬಿಡಿಸಲು ನಾನು ಎಳೆಯಬೇಕಾಯಿತು. ನೀರಿಗಿಳಿಯುವ ಕಲ್ಲಿನ ಮೆಟ್ಟಿಲ ಮೇಲೆ ಕೂತು, ಬೂಟನ್ನು ಪಕ್ಕದಲ್ಲಿ ಮಗುಚಿ, ಅಟ್ಟೆ ಮೇಲೆ ಮಾಡಿ ಇಟ್ಟಳು. ಒಂದು ಗೀರೂ ಇರಲಿಲ್ಲ. ಪಾದವನ್ನು ನೀರಿಗಿಳಿಸಿ, ಗಿಣ್ಣು ತುಂಬಿದ ಗಿಬಾನಿತ್ಸಾ ಕಡುಬಿನ ಗಂಟು ಬಿಚ್ಚಿ, ಆ ದಿನ ಮೊದಲ ಸಲ ನಕ್ಕಳು.

ಆಗ ಮರಳು ತುಂಬಿದ ದೊಡ್ಡ ದೋಣಿಯೊಂದು ಹೋಯಿತು. ಅದರ ಹಿಂದೆ ಅಲೆ ಬಂತು. ಅಲೆ ಮೆಟ್ಟಿಲು ಹತ್ತಿ, ನಮ್ಮ ಲಂಗ ನೆನೆಸಿ, ಇಳಿಯುವಾಗ ಎಡಗಾಲಿನ ಬೂಟನ್ನು ಕರೆದುಕೊಂಡು ಹೋಯಿತು.

ಸ್ತಾಮೆನಾ ಬಾಯಲ್ಲಿದ್ದ ಗಿಬಾನಿತ್ಸಾ ಸಮೇತ ಎದ್ದು ನಿಂತು ಕೂಗಿದಳು. "ಅಯ್ಯೋ ಹೋಯ್ತು! ಸಾವು! ನನ್ನ ಸಾವಿಂದು! ಹಿಡೀರೋ!"

ಅಲ್ಲೇ ಪುಟ್ಟ ದೋಣಿಯಲ್ಲಿ ಗಾಳ ಹಾಕಿ ಕೂತಿದ್ದ ಮುದುಕನೊಬ್ಬ ಗಾಳ ಎಸೆದು ಹುಟ್ಟು ಹಿಡಿದ. "ಯಾರು ಬಿದ್ರು? ಎಲ್ಲಿ? ಗಂಡಸಾ ಹೆಂಗಸಾ?"

"ಎಡಗಾಲಿಂದು!" ಎಂದಳು ಸ್ತಾಮೆನಾ.

ಮುದುಕ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ದಂಡೆಯ ಮೇಲೆ ಜನ ಸೇರಿದರು. ಯಾರೋ ಪೊಲೀಸನನ್ನು ಕರೆದರು. "ಕಾಲು ಕತ್ತರಿಸಿದಾರಂತೆ" ಎಂದು ಹಿಂದಿನವರು ತಮ್ಮ ಹಿಂದಿನವರಿಗೆ ಹೇಳಿದರು. ಹಾಲಿನ ಗಾಡಿಯವನು ಗಾಡಿ ನಿಲ್ಲಿಸಿ ಬಂದ. ಮುದುಕ ಜೋರಾಗಿ ಹುಟ್ಟು ಹಾಕುತ್ತ ಹೋದ, ನಡುನೀರಿನಲ್ಲಿ ನಿಂತ, ಬಗ್ಗಿ ನೋಡಿದ.

"ಬೂಟು!" ಎಂದು ಅಲ್ಲಿಂದ ಅರಚಿದ. "ಬೂಟು ಕಣ್ರೀ ಇದು!"

"ಅದೇ! ಅದೇ ಸಾವಿಂದು! ಹಿಡೀ ಅಣ್ಣಾ!"

ಅವನು ಸಿಟ್ಟಿನಲ್ಲಿ ಹುಟ್ಟಿನಿಂದ ಎತ್ತಲು ಹೋದ. ಬೂಟು ಜಾರಿತು. ಮಿರಮಿರ ಮಿಂಚುತ್ತ, ರಿಬ್ಬನ್ ಗಂಟು ಮೇಲೆ ಮಾಡಿಕೊಂಡು, ಮೆರವಣಿಗೆಯ ಹಾಗೆ ಎರಡು ನದಿ ಕೂಡುವಲ್ಲಿಗೆ ಹೋಯಿತು.

"ಅಲ್ಲಿಂದಾಚೆ ಡ್ಯಾನ್ಯೂಬ್" ಎಂದ ಮುದುಕ ವಾಪಸು ಬಂದು, ಹಣೆ ಒರೆಸಿಕೊಳ್ಳುತ್ತ. "ಬೂಟು ಬೇಕಾದ್ರೆ ರೊಮಾನಿಯಾದವರನ್ನ ಕೇಳಮ್ಮಾ. ನನ್ನ ಮೀನೂ ಹೋಯ್ತು."

ಪೊಲೀಸ್ ಬಂದು ಏನಾಯಿತೆಂದು ಕೇಳಿದ. ಲ್ಯುಬಿಂಕಾ ಕೊಡೆಯ ಕರವಸ್ತ್ರ ಬಿಚ್ಚಿ ಜೇಬಿಗೆ ಹಾಕಿಕೊಂಡು, ಇವರ‍್ಯಾರೂ ತನಗೆ ಗೊತ್ತೇ ಇಲ್ಲವೆಂಬ ಹಾಗೆ ಸೇತುವೆ ನೋಡುತ್ತ ನಿಂತಳು.

ಸ್ತಾಮೆನಾ ಬಲಗಾಲಿನ ಬೂಟನ್ನು ಎದೆಗವಚಿಕೊಂಡು ಬಹಳ ಹೊತ್ತು ಕೂತಿದ್ದಳು. ಆಮೇಲೆ ಅದನ್ನು ನನ್ನ ಚೀಲಕ್ಕೆ ಹಾಕಿ, ಉಣ್ಣೆಯ ಕಾಲುಚೀಲ ಏರಿಸಿಕೊಂಡು, "ಬಾ" ಎಂದಳು.

"ಎಲ್ಲಿಗೆ?"

"ಊರು ನೋಡೋದಕ್ಕೆ. ಇನ್ನು ಕಾಯೋದಕ್ಕೇನಿದೆ?"

ಆ ಮಧ್ಯಾಹ್ನ ಅವಳ ಜೊತೆ ನಡೆದು ನನ್ನ ಸೊಂಟ ಬಿತ್ತು. ಕಾಲುಚೀಲದಲ್ಲಿ ಕಲ್ಲು, ಜಲ್ಲಿ, ಟ್ರಾಮ್ ಹಳಿ ಎಲ್ಲದರ ಮೇಲೂ ನಡೆದಳು. ಕೋಟೆಯಂಚಿಗೆ ಮತ್ತೆ ಹತ್ತಿಸಿದಳು, ಎರಡು ನದಿಗಳ ನೀರು ಬೇರೆ ಬೇರೆ ಬಣ್ಣದಲ್ಲಿ ಪಕ್ಕಪಕ್ಕ ಹರಿಯುವುದನ್ನು ಬಗ್ಗಿ ನೋಡಿದಳು. ಮೃಗಾಲಯದ ಆನೆಗೆ ಉಳಿದ ಗಿಬಾನಿತ್ಸಾ ಕೊಟ್ಟು ಬೈಸಿಕೊಂಡಳು. ದೊಡ್ಡ ಅಂಗಡಿಯ ತಾನಾಗಿ ಏರುವ ಮೆಟ್ಟಿಲಲ್ಲಿ ಮೇಲೆ ಹೋದಳು, ಕೆಳಗೆ ಬಂದಳು, ಮತ್ತೆ ಮೇಲೆ ಹೋದಳು. ಸಂಜೆ ಬಸ್ಸಿಗೆ ಕೊನೆಯವಳಾಗಿ ಬಂದವಳು ಅವಳೇ. ಕಾಲುಚೀಲದ ತಳ ಇರಲೇ ಇಲ್ಲ.

ಬಸ್ಸಿನಲ್ಲಿ ಪೆತ್ರಿಯಾ ಅಜ್ಜಿ ಪಕ್ಕದವಳ ಕಿವಿಯಲ್ಲಿ ಹೇಳಿದ್ದು ಬಸ್ಸಿಗೆಲ್ಲ ಕೇಳಿಸಿತು. "ಸಾವಿನ ಬೂಟು ಮುಂದೆ ಹೋಗಿದೆ ಅಂದ್ರೆ, ಕಾಲೂ ಹಿಂದೆಯೇ ಹೋಗಬೇಕಲ್ಲ. ವರ್ಷ ತುಂಬೋದರೊಳಗೆ."

ಗ್ವೊಜ್ದೆನ್ ಹಾಡು ನಿಲ್ಲಿಸಿದ. ಸ್ತಾಮೆನಾ ಕಿಟಕಿಯ ಕಡೆ ಮುಖ ಮಾಡಿದಳು. ಅವಳ ಕೈ ನನ್ನ ಕೈಗೆ ಸಿಕ್ಕಿತು. ತಣ್ಣಗಿತ್ತು.

ಅಂದಿನಿಂದ ಅವಳು ಸಾಯುವ ತಯಾರಿ ಮಾಡಿದಳು. ಜಗಳವಾಡಿದವರ ಮನೆಗೆಲ್ಲ ಹೋಗಿ ಕ್ಷಮೆ ಕೇಳಿದಳು. ಕೆಲವರಿಗೆ ಜಗಳವಾದದ್ದೇ ಮರೆತಿತ್ತು, ಅವಳೇ ನೆನಪಿಸಿ ಕೊಟ್ಟಳು, ಅಲ್ಲಿ ಮತ್ತೆ ಜಗಳವಾಯಿತು. ಒಂದು ಬೆಳಿಗ್ಗೆ ನನ್ನ ಮನೆಗೆ ಬಂದು ಹಿಟ್ಟಿನ ಜರಡಿಯೊಂದನ್ನು ಮೇಜಿನ ಮೇಲಿಟ್ಟಳು. ನನ್ನದೇ ಜರಡಿ. ನಾನು ಕೇಳಿದಾಗಲೆಲ್ಲ ‘ದೇವರಾಣೆ ನಾನು ಕಂಡಿಲ್ಲ’ ಎಂದು ವರ್ಷಗಟ್ಟಲೆ ಹೇಳಿದ್ದಳು.

"ತಗೋ. ಮನಸ್ಸಲ್ಲಿಟ್ಕೊಂಡು ಹೋಗೋದು ಬೇಡ ಅಂತ."

"ಅಕ್ಕಾ, ಇದು ಬೆಲ್‌ಗ್ರೇಡಿಗೆ ಹೋಗಿದೆ ಅಂದ್ಕೊಂಡಿದ್ದೆ" ಎಂದೆ. ಅವಳು ನಗಲಿಲ್ಲ. ನಿಜವಾಗಿ ಹೆದರಿದ್ದಳು. ಆ ಚಳಿಗಾಲ ಒಂದು ಕೆಮ್ಮು ಬಂದರೂ ನನ್ನನ್ನು ಕರೆಸಿ, ಕಾಲಿಗೆ ಏನು ತೊಡಿಸುತ್ತೀ ಎಂದು ಕೇಳುತ್ತಿದ್ದಳು. ಒಂಟಿ ಬೂಟು ಬೇಡ, ಗಂಡನ ಬೂಟಂತೂ ಬೇಡ, ಮೊಳೆ ಬೇಡ. "ಹಾಗಿದ್ರೆ ಹೊಸದು ಕೊಂಡ್ಕೋ" ಎಂದರೆ, "ಸಾಯೋದು ಗೊತ್ತಿದ್ದೂ ಕೊಂಡ್ರೆ ಕರೆದ ಹಾಗಾಗುತ್ತೆ" ಎನ್ನುತ್ತಿದ್ದಳು. ರಾತ್ರಿ ಕೋಳಿ ಕೂಗಿದರೂ ಎದ್ದು ಕೂರುತ್ತಿದ್ದಳು.

ವರ್ಷ ತುಂಬಿತು. ಮಾರನೆಯ ಬೆಳಿಗ್ಗೆ ನಾನು ರೊಟ್ಟಿಗೆ ಹಿಟ್ಟು ಜರಡಿ ಹಿಡಿಯುತ್ತಿದ್ದಾಗ ಬಾಗಿಲು ದಬಕ್ಕೆಂದು ತೆರೆಯಿತು.

"ಜರಡಿ ಕೊಡು" ಎಂದಳು ಸ್ತಾಮೆನಾ.

"ಯಾಕೆ?"

"ಸಾಯಲಿಲ್ಲ. ಕೊಡು."

ಕೊಟ್ಟೆ. ಇನ್ನೇನು ಮಾಡಲಿ? ಅದೇ ವಾರ ಅವಳು ಪೇಟೆಗೆ ಹೋಗಿ ಬೇರೆ ಜೊತೆ ಕೊಂಡು ತಂದಳು. ಅದೂ ಕಪ್ಪು, ಅದೂ ಸಾವಿಗೇ, ಆದರೆ ಒಂದು ಅಳತೆ ದೊಡ್ಡದು. ಲ್ಯುಬಿಂಕಾ ಮತ್ತೆ ಬಸ್ಸು ಮಾಡಿದಾಗ ಮೊದಲು ಹತ್ತಿ ಕೂತವಳು ಅವಳೇ, ಹೊಸ ಬೂಟು ಕಾಲಲ್ಲಿ. ಬೆಲ್‌ಗ್ರೇಡಿನ ದಂಡೆಯಲ್ಲಿ ಆ ಮುದುಕ ಗಾಳ ಹಾಕಿ ಕೂತಿದ್ದ. ದೂರದಿಂದಲೇ ಗುರುತು ಹಿಡಿದ.

"ಬಂದ್ರಾ ಎಡಗಾಲಮ್ಮಾ!"

"ಏನಾದ್ರೂ ಬಂತಾ ಅಣ್ಣಾ?"

"ಇನ್ನೂ ಇಲ್ಲ. ಮೇಲಕ್ಕೆ ಹರಿದು ಬರೋದಲ್ವಾ, ತಡವಾಗುತ್ತೆ. ಈ ಸಲ ನೀರಿಗೆ ಕಾಲಿಡಬೇಡಿ, ನನಗೆ ವಯಸ್ಸಾಗಿದೆ."

ಆ ಜೊತೆ ಸವೆಯಿತು. ಸವೆದ ಅಟ್ಟೆ ಸಾವಿಗೆ ಆಗುವುದಿಲ್ಲವೆಂದು ಇನ್ನೊಂದು ಕೊಂಡಳು. ಅದನ್ನು ಹಾಕಿಕೊಂಡು ಮಠಗಳನ್ನು ನೋಡಲು ಹೋದಳು, ಸಮುದ್ರ ನೋಡಲು ಹೋದಳು. ಅವಳ ಗಂಡ ತೀರಿಕೊಂಡರು, ನನ್ನವರೂ ಹೋದರು, ನಮ್ಮ ಇಬ್ಬರ ಬೂಟೂ ಅವಳ ಮನೆ ಬಾಗಿಲಲ್ಲೋ ನನ್ನ ಮನೆ ಬಾಗಿಲಲ್ಲೋ ಪಕ್ಕಪಕ್ಕ ಇರುತ್ತಿದ್ದವು. ಪೆತ್ರಿಯಾ ಅಜ್ಜಿ ಹೋದದ್ದು ಯಾವಾಗಲೋ. ಅವಳ ಅಟ್ಟೆ ನೋಡಲು ಸ್ತಾಮೆನಾ ಎಲ್ಲರಿಗಿಂತ ಮೊದಲು ಹೋಗಿ ನಿಂತಿದ್ದಳು.

ಹೋದ ವಸಂತದಲ್ಲಿ ಸ್ತಾಮೆನಾ ರಾತ್ರಿ ಮಲಗಿದವಳು ಏಳಲಿಲ್ಲ. ಮೀಯಿಸಿ ಉಡಿಸುವುದು ನನ್ನ ಪಾಲಿನ ಕೆಲಸ. ಪೆಟ್ಟಿಗೆ ಎಳೆದೆ. ಲಂಗ, ಕುಪ್ಪಸ, ವಸ್ತ್ರ, ಮೇಣದಬತ್ತಿ ಇದ್ದವು. ತಳದಲ್ಲಿ ಆ ಹಳೆಯ ಬಲಗಾಲಿನ ಒಂಟಿ ಬೂಟು, ಈಗಲೂ ಮಿಂಚುತ್ತಿತ್ತು. ಸಾವಿನ ಬೂಟು ಇರಲಿಲ್ಲ. ಮಂಚದ ಕೆಳಗೆ, ಬಾಗಿಲ ಹಿಂದೆ, ಕೋಳಿಗೂಡಿನಲ್ಲೂ ಹುಡುಕಿದೆ. ಆಮೇಲೆ ನೆನಪಾಯಿತು. ಈಸ್ಟರ್ ಆದ ಮೇಲೆ ಮತ್ತೆ ಬೆಲ್‌ಗ್ರೇಡಿಗೆ ಹೋಗುವುದೆಂದು ಮಾತಾಗಿತ್ತು. ಹೊಸ ಅಟ್ಟೆ ಹಾಕಿಸಲು ಬೂಟನ್ನು ಮೋಚಿ ಮಿಲಿಸಾವ್‌ಗೆ ಕೊಟ್ಟಿದ್ದಳು.

ಪಾದ್ರಿ ಬಂದರು. ಊರು ಬಂತು. ಸ್ತಾಮೆನಾ ಕಾಲುಚೀಲದಲ್ಲಿ ಮಲಗಿದ್ದಳು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಶುರು ಮಾಡೋಣವಾ ರೊಸಾಂಡಮ್ಮಾ?" ಎಂದರು ಪಾದ್ರಿ.

"ಇಲ್ಲ ಫಾದರ್. ಬೂಟು ಬರಬೇಕು."

"ಎಲ್ಲಿಂದ?"

"ರಿಪೇರಿಯಿಂದ."

ಅಂಗಳದಲ್ಲಿ ಯಾರೋ ನಕ್ಕರು, ಆಮೇಲೆ ಎಲ್ಲರೂ. ನನಗೂ ನಗು ತಡೆಯಲಾಗಲಿಲ್ಲ, ನಗುತ್ತಲೇ ಅತ್ತುಬಿಟ್ಟೆ. ಕೊನೆಗೆ ಮಿಲಿಸಾವ್ ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದ. ಅಂಟು ಇನ್ನೂ ಹಸಿಯಾಗಿತ್ತು.

"ಈಗಷ್ಟೇ ಅಂಟಿಸಿದ್ದು ಅಜ್ಜೀ. ಇವತ್ತು ನಡೀಬಾರದು ಅಂತ ಹೇಳಿ" ಎಂದವನು, ತಾನು ಏನು ಹೇಳಿದೆನೆಂದು ತಿಳಿದು ನಾಲಿಗೆ ಕಚ್ಚಿಕೊಂಡ.

"ನಡೆಯಲ್ಲ ಬಿಡು" ಎಂದೆ.

ಮೇಲ್ಭಾಗದ ತೊಗಲೆಲ್ಲ ಬಿರಿದು ಸುಕ್ಕುಗಟ್ಟಿತ್ತು. ಅದು ಯಾರಿಗೂ ಕಾಣಲಿಲ್ಲ. ಒಳಗೆ ಬಂದವರಿಗೆ ಮೊದಲು ಕಂಡದ್ದು ಅಟ್ಟೆ. ಒಂದು ಗೀರಿಲ್ಲ, ಒಂದು ಮೊಳೆ ಕಾಣುವುದಿಲ್ಲ, ಮೇಣದಬತ್ತಿಯ ಬೆಳಕು ಅದರಲ್ಲಿ ಹೊಳೆಯುತ್ತಿತ್ತು. ಲ್ಯುಬಿಂಕಾ ಮೂಗೊರೆಸಿಕೊಂಡು, "ನೋಡು, ಎಷ್ಟು ಅಚ್ಚುಕಟ್ಟು" ಎಂದಳು. ಅಟ್ಟೆ ನೋಡಿ ಯಾರೂ ನಗಲಿಲ್ಲ.

ಮಾರನೆಯ ದಿನ ಜರಡಿಯನ್ನು ಅವಳ ಅಡುಗೆಮನೆಯಿಂದ ತಂದುಕೊಂಡೆ. ಒಂಟಿ ಬೂಟನ್ನು ಏನು ಮಾಡುವುದೆಂದು ತಿಳಿಯಲಿಲ್ಲ. ಹಳ್ಳಕ್ಕೆ ಹೋಗಿ, "ಬೆಲ್‌ಗ್ರೇಡಿಗೆ ಹೋಗಿ ತಗೋ ಅಕ್ಕಾ" ಎಂದು ನೀರಿಗೆ ಬಿಟ್ಟೆ. ಅದು ರಿಬ್ಬನ್ ಗಂಟು ಮೇಲೆ ಮಾಡಿಕೊಂಡು ಸ್ವಲ್ಪ ದೂರ ಹೋಗಿ, ಗಿರಣಿಯ ಹತ್ತಿರ ಮರದ ಬೇರಿಗೆ ಸಿಕ್ಕಿಕೊಂಡಿತು. ಒಂದು ಕೋಲು ಮುರಿದುಕೊಂಡು, ಬಗ್ಗಿ ತಳ್ಳುತ್ತಿದ್ದೆ. ಗಿರಣಿಯವನು ಕಿಟಕಿಯಿಂದ ತಲೆ ಹಾಕಿದ.

"ಏನು ಬಿತ್ತು ರೊಸಾಂಡಜ್ಜೀ?"

"ಬಲಗಾಲಿಂದು" ಎಂದೆ.

ಅವನು ಹಿಟ್ಟಿನ ಕೈಯಲ್ಲೇ ಹೊರಗೆ ಓಡಿ ಬಂದ.